ಮಾಸ್ತರರು ಒರೆಸಿದ ಕುಂಕುಮ

ಹೋದ ವಾರ ಪಕ್ಕದ ಮನೆಯ ಹೊಸ ಬಾಗಿಲಿಗೆ ಬಡಿಗನೊಬ್ಬ ಅಗಸಿ ಎಣ್ಣೆಗೆ ಟರ್ಪಂಟೈನ್ ಬೆರೆಸಿ ಬಳಿಯುತ್ತಿದ್ದ. ವಾಸನೆ ನಮ್ಮ ಕಿಟಕಿಯಿಂದ ಒಳಗೆ ಬಂತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಿಟಕಿ ಹಾಕಿದಳು. ಜೀವಮಾನವೆಲ್ಲ ಬೋರ್ಡು ಬರೆದು ಹೊಟ್ಟೆ ಹೊರೆದ ನನಗೆ ಈ ವಾಸನೆಯ ಮೇಲೆ ಸಿಟ್ಟು ಬರಬಾರದು. ಆದರೂ ಬಂತು. ಅದು ಬಂದಾಗಲೆಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ... ನಮ್ಮ ಡ್ರಾಯಿಂಗ್ ಮಾಸ್ತರರನ್ನು.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರ ಕಳೆದು ಎರಡು ಸುಗ್ಗಿ ಮುಗಿದಿದ್ದವು. ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಗೂಡಂಗಡಿ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಸೈಕಲ್ ಅಂಗಡಿ, ಯಾರು ಬಂದರೂ ತಗಡಿನ ಮೇಲೆ ಹೆಸರು ಬರೆದುಕೊಡುತ್ತಿದ್ದೆ. ಒಂದು ಚಹಾದಂಗಡಿಯ ಬೋರ್ಡಿನ ಮೂಲೆಯಲ್ಲಿ ಎಮ್ಮೆಯೊಂದನ್ನು ಬರೆದಿದ್ದೆ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಅದರ ಮುಂದೆ ಬಹಳ ಹೊತ್ತು ನಿಂತರು. ಬಿಳಿ ಪೈಜಾಮ, ಕೋಟಿನ ಜೇಬಿನಲ್ಲಿ ಮೂರು ಪೆನ್ಸಿಲ್ಲು, ಮನೆಯಲ್ಲಿ ಮರಾಠಿ, ಹೊರಗೆ ನಮ್ಮಂಥದೇ ಮಾತು.

“ಇದು ಯಾವುದಾರ ಎಮ್ಮಿ ಅಲ್ಲ. ನಿಮ್ಮ ಮನಿ ಎಮ್ಮಿ ಹೌದಲ್ಲೋ?” ಎಂದರು.

ಹೌದು. ಒಂದು ಕೊಂಬು ಮುರಿದಿದ್ದ ನಮ್ಮ ಎಮ್ಮೆಯೇ ಅದು. ದಿನಾ ಅಲ್ಲಿ ಚಹಾ ಕುಡಿಯುತ್ತಿದ್ದ ನೂರಾರು ಮಂದಿಗೆ ಕಾಣದ್ದು ಇವರಿಗೆ ಕಂಡಿತು. ನಾನು ಅಂದೇ ಅವರ ಆಳಾದೆ ಎಂದರೂ ತಪ್ಪಿಲ್ಲ. ಊರೆಲ್ಲ ನನ್ನನ್ನು ಪೇಂಟರ್ ಎಂದು ಕರೆಯುತ್ತಿತ್ತು. ಅವರೊಬ್ಬರೇ ಮಂದಿಯೆದುರು ಚಿತ್ರಗಾರ ಎನ್ನುತ್ತಿದ್ದರು.

ಮಾಸ್ತರರಿಗೆ ಒಂದು ಹುಚ್ಚಿತ್ತು. ನಮ್ಮ ಕಡೆಯವರು ಈ ಕಾಲದಲ್ಲಿ ಬರೆಯುತ್ತಿರುವ ಚಿತ್ರಗಳಿಗೆ ನಮ್ಮಲ್ಲೇ ಒಂದು ಚಿತ್ರಶಾಲೆ ಬೇಕು, ಯಾರು ಬೇಕಾದರೂ ಒಳಗೆ ಬಂದು ನೋಡುವಂತಿರಬೇಕು ಎನ್ನುವುದು. ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮೊಂದನ್ನು ಅದರ ಯಜಮಾನರ ಬೆನ್ನು ಬಿದ್ದು ಪಡೆದಿದ್ದರು. ಮಾಳಿಗೆಯ ತಗಡು ತೂತು ಬಿದ್ದಿದ್ದವು, ನೆಲ ಕಿತ್ತು ಹೋಗಿತ್ತು. ಎಲ್ಲರೂ ಮನೆಮನೆಗೆ ಹೋಗಿ ಪಟ್ಟಿ ಎತ್ತೋಣ, ದುಡ್ಡು ಕೂಡಿಸೋಣ ಎಂದರು. ಮಾಸ್ತರರು ಒಪ್ಪಲಿಲ್ಲ.

“ಚಿತ್ರನೇ ನೋಡದವ್ರಿಗೆ ಚಿತ್ರಶಾಲಿಗೆ ಕೊಡ್ರಿ ಅಂತ ಯಾವ ಮಾರಿ ಇಟ್ಕೊಂಡು ಕೇಳೂದು? ಮೊದಲ ಚಿತ್ರ ಅವರ ಮನಿಗೆ ಬೀಗರಂಗ ಹೋಗಿ ಇದ್ದು ಬರ್ಲಿ” ಎಂದರು.

ಹಾಗೆಯೇ ಆಯಿತು. ಒಂದು ಚಿತ್ರ ಒಂದು ಮನೆಯಲ್ಲಿ ಹದಿನೈದು ದಿನ ಇರುವುದು. ಹೊರಡುವಾಗ ಆ ಮನೆಯವರು ಮನಸ್ಸಿಗೆ ಬಂದಷ್ಟು ಜೋಳ ಹಾಕಿ ಕಳಿಸುವುದು. ಚಿತ್ರಗಳನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಗ್ಗದಿಂದ ಬಿಗಿದು ಇಂಡಿ, ಮುದ್ದೇಬಿಹಾಳ, ಮನಗೂಳಿ, ಬಸವನ ಬಾಗೇವಾಡಿ ಎಂದು ಒಯ್ಯುವ ಕೆಲಸ ನನ್ನದು. ಬರುವಾಗ ಚಿತ್ರದ ಜೊತೆ ಚೀಲ. ಕಂಡಕ್ಟರರು ಜೋಳಕ್ಕೆ ಲಗೇಜ್ ಹಚ್ಚುತ್ತಿದ್ದರು, ಚಿತ್ರಕ್ಕೆ ಹಚ್ಚುತ್ತಿರಲಿಲ್ಲ. ಚಿತ್ರ ಯಾವ ಲೆಕ್ಕದ ಸಾಮಾನು ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ಹೀಗೆ ತಿರುಗುತ್ತಿದ್ದ ಹತ್ತಾರು ಚಿತ್ರಗಳಲ್ಲಿ ಒಂದು ನನ್ನದು. ಅದು ನನ್ನ ಅವ್ವನ ಚಿತ್ರ. ಅವ್ವ ತೀರಿ ಒಂದು ವರ್ಷವಾಗಿತ್ತು. ಫೋಟೋ ಸ್ಟುಡಿಯೋದ ಮೆಟ್ಟಿಲನ್ನು ಆಕೆ ಒಮ್ಮೆಯೂ ಹತ್ತಿದವಳಲ್ಲ, ಹಾಗಾಗಿ ಮನೆಯಲ್ಲಿ ಆಕೆಯ ಮುಖ ಎಲ್ಲೂ ಇರಲಿಲ್ಲ. ಮರೆಯುವ ಮೊದಲು ಬರೆದುಬಿಡು ಎಂದವರೂ ಮಾಸ್ತರರೇ. ಸೊಲ್ಲಾಪುರದಿಂದ ತಮಗಾಗಿ ತರಿಸಿದ್ದ ಬಣ್ಣದ ಟ್ಯೂಬುಗಳನ್ನು ನನ್ನ ಕೈಗಿಟ್ಟರು. “ಇವು ನಿನ್ನ ಡಬ್ಬಿ ಬಣ್ಣ ಅಲ್ಲ, ಸಾವಕಾಶ ಹಚ್ಚು” ಎಂದರು. ಆರು ವಾರ ಹಿಡಿಯಿತು. ಅವ್ವ ಮೊರದಲ್ಲಿ ಜೋಳ ಇಟ್ಟುಕೊಂಡು, ಕೇರುವುದನ್ನು ನಿಲ್ಲಿಸಿ, ಯಾರೋ ಕರೆದರೆಂದು ತಲೆಯೆತ್ತಿ ನೋಡುವ ಚಿತ್ರ. ನನಗೆ ಐದು ವರ್ಷವಿದ್ದಾಗಲೇ ಅಪ್ಪ ತೀರಿಹೋಗಿದ್ದ. ನಾನು ನೋಡಿದ ಅವ್ವನ ಹಣೆ ಬರಿದು. ಚಿತ್ರದಲ್ಲೂ ಬರಿದೇ ಇಟ್ಟೆ.

ಮೊದಲ ಸಲ ಅದು ದೇವಣಗಾಂವದ ಒಬ್ಬ ಮುದುಕಿಯ ಮನೆಯಲ್ಲಿತ್ತು. ಹದಿನೈದು ದಿನ ಬಿಟ್ಟು ತರಲು ಹೋದರೆ ಚಿತ್ರ ಗೋಡೆಯಲ್ಲಿನ ದೇವರ ಮಾಡದ ಪಕ್ಕದಲ್ಲಿದೆ, ಅವ್ವನ ಹಣೆಯ ಮೇಲೆ ಕಾಸಿನಗಲ ಕುಂಕುಮ. ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ಒತ್ತಿದ್ದು.

“ಯವ್ವಾ, ಇದು ದೇವ್ರಲ್ಲ. ನಮ್ಮವ್ವ” ಎಂದೆ.

“ಯಾರರ ಆಗ್ಲಿ ತಮ್ಮಾ. ಕಾಳು ಹಿಡ್ಕೊಂಡು ಕುಂತಾಕಿನ್ನ ಬರೇ ಹಣಿಲೆ ಹ್ಯಾಂಗ ನೋಡ್ಲಿ? ನಾ ದಿನಾ ಮುಂಜಾನೆ ಆಕಿ ಮಾರಿ ನೋಡೇ ಒಲಿ ಹಚ್ಚೀನಿ” ಎಂದಳು.

ಬಸ್ಸಿನ ಮೇಲೆ ಚಿತ್ರ ಹಿಡಿದು ಕುಳಿತು ದಾರಿಯುದ್ದಕ್ಕೂ ಅತ್ತೆ. ಅತ್ತದ್ದು ಚಿತ್ರ ಕೆಟ್ಟಿತೆಂದಲ್ಲ. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ, ಬಾಗಿಲ ಮರೆಯಲ್ಲಿ ನಿಂತವಳು ನಮ್ಮವ್ವ. ಕುಂಕುಮದ ಬಟ್ಟಲು ಎದುರಿಗೆ ಬಂದರೆ ತಾನೇ ಪಕ್ಕಕ್ಕೆ ಸರಿಯುತ್ತಿದ್ದಳು. ಸತ್ತ ಮೇಲೆ, ಗುರುತಿಲ್ಲದ ಊರಿನ ಹೆಣ್ಣುಮಗಳೊಬ್ಬಳು ಆಕೆಗೆ ಅದನ್ನು ತಿರುಗಿ ಕೊಟ್ಟಿದ್ದಳು.

ಮಾಸ್ತರರು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. “ಒರಸಬ್ಯಾಡ. ಇದನ್ನ ಒರಸಿದ್ರ ನಾವು ಚಿತ್ರಶಾಲಿ ಕಟ್ಟೂದರಾಗ ಅರ್ಥ ಇಲ್ಲ” ಎಂದರು. ಈ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಬೇರೆ ಯಾರ ಮಾತೂ ಅಲ್ಲ, ಅವರದೇ.

ಆಮೇಲೆ ಹೋದ ಮನೆಯವರೂ ಕುಂಕುಮ ಹಚ್ಚಿದರು. ಒಂದರ ಮೇಲೊಂದು ಪದರ ಬಿದ್ದು ಹಣೆ ಕೆಂಪಾಗಿ ದಪ್ಪಗಾಯಿತು. ಇಂಡಿಯಲ್ಲಿ ಒಬ್ಬರು ಅರಿಸಿಣವನ್ನೂ ಸೇರಿಸಿದರು. ಆ ಚಿತ್ರದ ಜೊತೆ ಬರುವ ಚೀಲ ಉಳಿದವುಗಳಿಗಿಂತ ಭಾರ ಇರುತ್ತಿತ್ತು. ಆ ಜೋಳ ಮಾರಿದ ದುಡ್ಡಿನಿಂದ ಮಾಳಿಗೆಗೆ ಹೊಸ ತಗಡು ಬಂದವು.

ಮರುವರ್ಷ ಬೆಂಗಳೂರಿನಿಂದ ಮೂವರು ಸಾಹೇಬರು ನೋಡಲು ಬರುವುದು ನಿಶ್ಚಯವಾಯಿತು. ಅವರ ಮನಸ್ಸಿಗೆ ಬಂದರೆ ಚಿತ್ರಶಾಲೆಗೆ ವರ್ಷಾವರ್ಷ ಸರಕಾರದ ಅನುದಾನ. ಚಿತ್ರ ಇಟ್ಟುಕೊಂಡಿದ್ದ ಮನೆಯವರೆಲ್ಲ ಅಂದು ಬರಬೇಕೆಂದು ಮಾಸ್ತರರು ಪತ್ರ ಹಾಕಿದರು. ಮುದ್ದೇಬಿಹಾಳದಲ್ಲಿದ್ದ ಚಿತ್ರಗಳನ್ನು ತರಲು ನನ್ನನ್ನು ಹಿಂದಿನ ದಿನವೇ ಕಳಿಸಿದರು. ಯಾಕೆ ಕಳಿಸಿದರೆಂದು ಆಗ ತಿಳಿಯಲಿಲ್ಲ...

ಬೆಳಿಗ್ಗೆ ಬಂದು ಗೋದಾಮಿನ ಬಾಗಿಲು ತಳ್ಳಿದರೆ ಆ ವಾಸನೆ. ಅಗಸಿ ಎಣ್ಣೆ, ಟರ್ಪಂಟೈನ್. ಎದುರಿನ ಗೋಡೆಯ ನಟ್ಟನಡುವೆ ಅವ್ವ. ಮೊರ ಇತ್ತು, ಕೈ ಇತ್ತು, ಸೀರೆಯ ಅಂಚಿತ್ತು. ಹಣೆಯಿಂದ ಮೂಗಿನ ತನಕ ತಿಕ್ಕಿ ತಿಕ್ಕಿ ಬಟ್ಟೆಯ ನೂಲು ಕಾಣುತ್ತಿತ್ತು. ಕುಂಕುಮ ಒರೆಸಲು ಹೋಗಿ ಕಣ್ಣನ್ನೂ ಒರೆಸಿಬಿಟ್ಟಿದ್ದರು.

ಮಾಸ್ತರರು ನನ್ನ ಮುಖ ನೋಡಲಿಲ್ಲ. “ಸಾಹೇಬರು ಪೂಜಿ ಫೋಟೋ ಅಂತಾರೋ, ಹೊಸ ಕಾಲದ ಚಿತ್ರ ಅಂತ ಒಪ್ಪೂದಿಲ್ಲ ಅಂತ ಜಿಲ್ಲಾ ಆಫೀಸಿನಾಗ ಹೇಳಿದ್ರು. ಬರೇ ಕುಂಕಮ ತೆಗ್ಯೋಣ ಅಂತ ಕುಂತೆ, ಕೈ ಮೀರ್ತು” ಎಂದರು. ಹೊರಗೆ ಜೀಪು ನಿಂತ ಸದ್ದಾಯಿತು. ಮಾತು ಅಲ್ಲಿಗೇ ನಿಂತಿತು.

ಇಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಕೈ ಮೀರುವುದು ನನಗೂ ಗೊತ್ತು. ಆದರೆ ದೇವಣಗಾಂವದ ಆ ಮುದುಕಿ ಬಂದಿದ್ದಳು. ಸಾಹೇಬರು, ಊರ ಹಿರಿಯರು, ನಾಲ್ಕೂ ತಾಲೂಕಿನ ಮಂದಿ ತುಂಬಿದ್ದ ಗೋದಾಮಿನಲ್ಲಿ ಆಕೆ ಸೀದಾ ಚಿತ್ರದ ಮುಂದೆ ಹೋಗಿ ನಿಂತಳು.

“ಮಾಸ್ತರ್ರ, ಈಕಿ ಮಾರಿ ಏನಾತು?”

ಮಾಸ್ತರರು ಒಮ್ಮೆ ಸಾಹೇಬರ ಕಡೆ ನೋಡಿದರು, ಒಮ್ಮೆ ಮಂದಿಯ ಕಡೆ. ಆಮೇಲೆ ನಗುತ್ತಲೇ ಹೇಳಿದರು:

“ಅಂಗಡಿ ಬೋರ್ಡಿನ ಬಣ್ಣ ಯವ್ವಾ. ನಮ್ಮ ಪೇಂಟರ್ ಹಗುರ ಬಣ್ಣ ಹಚ್ಚಿದ್ದ, ತಾಳಲಿಲ್ಲ.”

ಆ ಚಿತ್ರದಲ್ಲಿ ನನ್ನ ಅಂಗಡಿಯ ಒಂದು ಹನಿ ಬಣ್ಣವೂ ಇರಲಿಲ್ಲ. ಎಲ್ಲ ಅವರ ಟ್ಯೂಬುಗಳೇ. ಮುದುಕಿ ತಿರುಗಿ ನನ್ನನ್ನು ನೋಡಿದಳು. ಹೆತ್ತ ತಾಯಿಗೂ ಅಗ್ಗದ ಬಣ್ಣ ಹಚ್ಚಿದವನು ಎಂದು ಆ ನೋಟದಲ್ಲಿತ್ತು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅನುದಾನ ತಪ್ಪೀತು ಎಂದುಕೊಂಡೆನೋ, ಗುರುವಿನ ಮರ್ಯಾದೆ ಎಂದುಕೊಂಡೆನೋ... ಸಾಹೇಬರಲ್ಲೊಬ್ಬರು ತಲೆ ಆಡಿಸಿ ಮುಂದಿನ ಚಿತ್ರಕ್ಕೆ ಹೋದರು. ಮಂದಿ ಅವರ ಹಿಂದೆ ಹೋದರು.

ಮೂರು ದಿನ ತಡೆದು ಅವರ ಮನೆಗೆ ಹೋದೆ.

“ಹಿಂಗ್ಯಾಕ ಅಂದ್ರಿ ಮಾಸ್ತರ್ರ?”

“ಆ ಹೊತ್ತಿಗೆ ಬ್ಯಾರೆ ಏನ್ ಹೇಳ್ಲೋ? ನಾನೇ ಒರಸೇನಿ ಅಂದಿದ್ರ ಆ ಮಂದಿ ಮತ್ತ ಚಿತ್ರಶಾಲಿ ಹೊಸ್ತಲಾ ತುಳೀತಿದ್ದಿಲ್ಲ. ನೀ ನಮ್ಮಾಂವ, ತಿಳ್ಕೋತಿ ಅಂತ ಅಂದೆ. ಇನ್ನೊಂದು ಬರಿ, ಬಣ್ಣ ಕೊಡ್ತೇನಿ.”

“ಕುಂಕಮ ಯಾರು ಕೊಡ್ತಾರ್ರಿ?” ಎಂದು ಕೇಳಿ ಎದ್ದು ಬಂದೆ. ಮುಖವಿಲ್ಲದ ಆ ಚಿತ್ರವನ್ನು ಅಂದೇ ಮನೆಗೆ ಹೊತ್ತು ತಂದೆ. ಹಿತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟದ್ದನ್ನು ಕೊನೆಗೆ ಗೆದ್ದಲು ತಿಂದಿತು. ಇನ್ನೊಂದು ಬರೆಯಲು ನಾನೂ ಕುಳಿತದ್ದುಂಟು. ಮೊರ ಬರುತ್ತಿತ್ತು, ಕೈ ಬರುತ್ತಿತ್ತು. ಕಣ್ಣಿಗೆ ಬಂದರೆ ಕುಂಚ ನಿಲ್ಲುತ್ತಿತ್ತು.

ಮಾತು ಬಸ್ಸು ಹತ್ತಿ ಊರೂರು ತಿರುಗಿತು. ಮನಗೂಳಿಯ ಗಿರಣಿ ಮಾಲೀಕ ಹೇಳಿಟ್ಟಿದ್ದ ಬೋರ್ಡನ್ನು ಬೇಡವೆಂದ. “ನಿನ್ನ ಬಣ್ಣ ತಾಳೂದಿಲ್ಲಂತಲ್ಲೋ” ಎಂದ. ಗೂಡಂಗಡಿ ಎತ್ತಿ ಇಂಡಿಗೆ ಬಂದು ಬೇರೆಯವರ ಕೈಕೆಳಗೆ ಎರಡು ವರ್ಷ ದುಡಿದೆ. ಅನುದಾನ ಬಂತೆಂದು ಕೇಳಿದೆ. ಸಂತೋಷವಾಯಿತು ಎಂದು ಸುಳ್ಳು ಹೇಳಲಾರೆ.

ಒಂದು ಮಧ್ಯಾಹ್ನ ಮಾಸ್ತರರೇ ಇಂಡಿಗೆ ಬಂದರು. ಸೊರಗಿದ್ದರು. ಚಿತ್ರಶಾಲೆಗೆ ಒಂದು ಬೋರ್ಡು ಬೇಕಿತ್ತು.

“ಊರಾಗ ಬ್ಯಾರೆ ಪೇಂಟರ್ ಅದಾರಲ್ರಿ” ಎಂದೆ.

“ನಿನ್ನಂಗ ಅಕ್ಷರ ಯಾರಿಗೂ ಬರೂದಿಲ್ಲ.”

“ಅಂಗಡಿ ಬಣ್ಣನೇ ಹಚ್ತೇನ್ರಿ. ನಡೀತೈತೇನು?”

ಅವರು ತಲೆ ತಗ್ಗಿಸಿದರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ. ಆ ಒಂದು ಮಾತಿಗೆ ನಾನು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ. ಚಹಾ ತರಿಸಿದೆ, ಕುಡಿದರು, ಮುಂದಿನ ಬಸ್ಸಿಗೆ ಹೋದರು. ಅಂಗಡಿ ಬಣ್ಣದಲ್ಲೇ ಬೋರ್ಡು ಬರೆದುಕೊಟ್ಟೆ. ಪ್ರೀತಿಯಿಂದಲ್ಲ, ಹಟದಿಂದ. ನಿವೃತ್ತರಾದ ಮೇಲೆ ಅವರು ಪುಣೆಯಲ್ಲಿದ್ದ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರು ತಿಂಗಳ ಮೇಲೆ. ಅಂದು ಊಟ ಸೇರಲಿಲ್ಲ. ಎಮ್ಮೆಯನ್ನು ಗುರುತಿಸಿದವರೂ ಅವರೇ ಅಲ್ಲವೇ...

ನಿನ್ನೆ ತಡೆಯಲಾಗದೆ ಸಿಂದಗಿಗೆ ಹೋಗಿ ಬಂದೆ. ಚಿತ್ರಶಾಲೆ ಮುಚ್ಚಿ ಎಷ್ಟೋ ವರ್ಷವಾಗಿದೆ, ಗೋದಾಮಿನಲ್ಲಿ ಈಗ ಗೊಬ್ಬರದ ಚೀಲಗಳಿವೆ. ನನ್ನ ಬೋರ್ಡು ಮಾತ್ರ ಯಾರೂ ಇಳಿಸದೆ ಬಾಗಿಲ ಮೇಲೆ ಹಾಗೇ ಇದೆ. ತಗಡಿನ ಅಂಚು ತುಕ್ಕು ತಿಂದಿದೆ, ಅಕ್ಷರ ಒಂದೂ ಮಾಸಿಲ್ಲ. ನೋಡ್ರಿ ಮಾಸ್ತರ್ರ ಎನ್ನಲು ಅವರಿಲ್ಲ. ಮುದುಕಿಯೂ ಇಲ್ಲ, ಗಿರಣಿಯವನೂ ಇಲ್ಲ. ಬಿಸಿಲಲ್ಲಿ ನಿಂತು ನಾನೊಬ್ಬನೇ ಓದಿಕೊಂಡೆ. ಬಣ್ಣ ತಾಳಿದೆ. ಅವ್ವ ತಲೆಯೆತ್ತಿ ನೋಡಿದರೆ ಆಕೆಯ ಕಣ್ಣು ಹೇಗಿರುತ್ತಿತ್ತು ಎಂಬುದು ಮಾತ್ರ ನನಗೆ ಈಗ ನೆನಪಾಗುವುದಿಲ್ಲ.