ಮರಳುದಿಬ್ಬದಲ್ಲಿ ಹಿಮಪಾದುಕೆ

ಪ್ರತಿ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕತಾರಿನ ಮೆಸಯೀದ್ ಪಟ್ಟಣದ ಆಚೆಯ ದೊಡ್ಡ ಮರಳುದಿಬ್ಬದ ಬುಡದಲ್ಲಿ ಒಂದು ಪಿಕಪ್ ನಿಲ್ಲುತ್ತಿತ್ತು. ಅದರಿಂದ ದೇಜಪ್ಪ ಇಳಿಯುತ್ತಿದ್ದ. ವಯಸ್ಸು ಐವತ್ತೆರಡು, ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ಪರೀಕ್ಷಿಸಿ ಸರಿಪಡಿಸುವ ಕೆಲಸ. ಬೂಟಿನ ಕೆಳಗೆ ಟೆನಿಸ್ ಬ್ಯಾಟಿನಷ್ಟು ಅಗಲದ ಹಿಮಪಾದುಕೆಗಳನ್ನು ಬಿಗಿದುಕೊಳ್ಳುತ್ತಿದ್ದ. ಕೆಲಸ ಬಿಟ್ಟು ಹೋದ ಕೆನಡಾದ ಎಂಜಿನಿಯರೊಬ್ಬ 2004ರಲ್ಲಿ ಕೊಟ್ಟದ್ದು. ಹಿಮದಲ್ಲಿ ಕಾಲು ಹೂತುಹೋಗದಿರಲಿ ಎಂದು ಮಾಡಿದವು. ದೇಜಪ್ಪ ಹಿಮ ಕಂಡವನಲ್ಲ. ಮರಳಿನಲ್ಲಿ ಅಳೆದು ನೋಡಿದ್ದ: ಬರೀ ಬೂಟಿಗೆ ಹನ್ನೊಂದು ಸೆಂಟಿಮೀಟರ್ ಆಳ, ಪಾದುಕೆಗೆ ಮೂರು.

"ಓ, ಬಾತುಕೋಳಿ ಹೊರಟಿತು!" ಎಂದು ಪಿಕಪ್ಪಿನೊಳಗಿಂದ ಅಬ್ದುಲ್ ಮಜೀದ್ ಕೂಗುತ್ತಿದ್ದ. ಉಳ್ಳಾಲದವನು, ಅದೇ ಕಾರ್ಖಾನೆಯ ಡ್ರೈವರ್. "ಮೇಲೆ ಮೊಟ್ಟೆ ಇಟ್ಟರೆ ನನಗೂ ಎರಡು ತನ್ನಿ ಮಾರಾಯ್ರೆ!"

ಹಿಮಾಚಲದ ಒಂದು ಸುಲಭ ಶಿಖರವನ್ನು ಹಿಮ ಬಿದ್ದಿರುವಾಗ ಒಬ್ಬನೇ ಹತ್ತಬೇಕು. ದೇಜಪ್ಪನಿಗಿದ್ದ ಆಸೆ ಅಷ್ಟೇ. ಇಪ್ಪತ್ತೊಂದು ವರ್ಷ ಇಬ್ಬರ ಸಹಿಯಿಲ್ಲದೆ ಒಂದು ವಾಲ್ವನ್ನೂ ಮುಟ್ಟಿದವನಲ್ಲ. ಒಂದಾದರೂ ಕೆಲಸವನ್ನು ಯಾರ ಸಹಿಯೂ ಇಲ್ಲದೆ ಮಾಡಿ ಮುಗಿಸಬೇಕೆನ್ನಿಸಿತ್ತು.

ಆದರೆ ಹಿಮವಿರುವ ತಿಂಗಳುಗಳೇ ಕತಾರಿನ ತಂಪಿನ ತಿಂಗಳುಗಳು. ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವುದು ಆಗಲೇ. ಮೂರು ವರ್ಷ ಫೆಬ್ರವರಿಗೆ ರಜೆಯ ಅರ್ಜಿ ಹಾಕಿದ. ಮೂರೂ ವರ್ಷ ಜೂನ್ ಸಿಕ್ಕಿತು. ಅವನು ದಿಬ್ಬ ಹತ್ತುವುದನ್ನು ಬಿಡಲಿಲ್ಲ. ಎದೆಗೆ ನಾಡಿ ಅಳೆಯುವ ಪಟ್ಟಿ ಕಟ್ಟಿಕೊಂಡು, ತುದಿಯಲ್ಲಿ ನಿಂತು, ಮುಂಗೈ ಗಡಿಯಾರ ತೋರಿಸಿದ ನಾಡಿಬಡಿತವನ್ನು ಬರೆದಿಡುತ್ತಿದ್ದ. ಮೊದಲ ವರ್ಷ 128. ಮರುವರ್ಷ ಗಡಿಯಾರ ತೋರಿಸಿದ್ದು 136. ಅದರ ಮರುವರ್ಷ 147. ಅದೇ ದಿಬ್ಬ, ಅದೇ ಪಾದುಕೆ, ಅದೇ ಹೊತ್ತು. ಕಾರ್ಖಾನೆಯಲ್ಲಾದರೆ, ಕೊಳವೆಯೊಳಗೆ ಏನೂ ಬದಲಾಗದೆ ಮೀಟರು ಏರುತ್ತಿದ್ದರೆ ಮೊದಲು ಅನುಮಾನಿಸುವುದು ಮೀಟರನ್ನೇ. ದೇಜಪ್ಪನೂ ಹಾಗೆಯೇ ಮಾಡಿದ. ಗಡಿಯಾರ ಹೆಚ್ಚು ತೋರಿಸುತ್ತಿದೆ ಎಂದು ತೀರ್ಮಾನಿಸಿ, ಹೆಚ್ಚಾದಷ್ಟನ್ನು ಕಳೆದು, ಅಚ್ಚುಕಟ್ಟಾಗಿ 128 ಎಂದೇ ಬರೆಯುತ್ತ ಬಂದ.

2008ರಲ್ಲಿ ದುರಸ್ತಿ ಏಪ್ರಿಲಿಗೆ ಸರಿಯಿತು. ಫೆಬ್ರವರಿ ರಜೆ ಮಂಜೂರಾಯಿತು, ದೇಶ ಬಿಟ್ಟು ಹೊರಡಲು ಬೇಕಾದ ಎಕ್ಸಿಟ್ ಪರ್ಮಿಟ್ಟಿಗೆ ಅರ್ಜಿ ಹೋಯಿತು, ದೆಹಲಿಯ ಟಿಕೆಟ್ ಬಂತು. ಹೊರಡುವ ಮೊದಲು ವೈದ್ಯರ ಪತ್ರವೊಂದಿರಲಿ ಎಂದು ತಾನಾಗಿಯೇ ಕ್ಲಿನಿಕ್ಕಿಗೆ ಹೋದ.

ನರ್ಸ್ ತೆರೆಜಾ ಮೂಡಬಿದಿರೆಯವಳು. ಅವನನ್ನು ಎರಡು ಸಲ ಮೆಟ್ಟಿಲು ಹತ್ತಿಸಿ, ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಳು.

"ನೂರ ಐವತ್ತೊಂದು."

"ನನ್ನ ಗಡಿಯಾರವೂ ಅಷ್ಟೇ ಹೇಳ್ತದೆ. ಆದರೆ ಅದು ಕೆಟ್ಟಿದೆ ಸಿಸ್ಟರ್."

ತೆರೆಜಾ ಅವನ ಮುಖ ನೋಡಿದಳು. "ಗಡಿಯಾರ ಸರಿ ಉಂಟು ಅಣ್ಣ. ನೀವು ಇವತ್ತೇ ದೋಹಾಕ್ಕೆ ಹೋಗಿ ಹಾರ್ಟಿನವರಿಗೆ ತೋರಿಸಿ."

ದೋಹಾದ ವೈದ್ಯರು ಹೃದಯದ ಕವಾಟ ಸವೆದಿದೆ ಎಂದರು. ಮೂರು ವರ್ಷದ ಹಿಂದೆ ಬಂದಿದ್ದರೆ ಬೇರೆ ಮಾತಾಗುತ್ತಿತ್ತು. ಎತ್ತರ, ಚಳಿ, ಒಬ್ಬನೇ ಹೋಗುವುದು, ಮೂರೂ ಕೂಡದು. ಈಗಲ್ಲ, ಮುಂದೆಯೂ ಅಲ್ಲ.

ಆ ಶುಕ್ರವಾರ ಮಜೀದ್ ಎಂಜಿನ್ ಆರಿಸಲಿಲ್ಲ. "ಇವತ್ತು ಬೇಡ ದೇಜಪ್ಪಣ್ಣ. ಖಲಾಸ್, ಚಾ ಕುಡಿದು ಹೋಗುವ."

"ಎಲ್ಲಿಯವರೆಗೆ ಆಗ್ತದೆ ಅಂತ ನೋಡ್ತೇನೆ," ಎಂದ ದೇಜಪ್ಪ.

ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿದ. ಅರ್ಧ ದಾರಿಯಲ್ಲಿ ಗಡಿಯಾರ 150 ತೋರಿಸಿತು. ಇಳಿಯಲಿ ಎಂದು ಕಾದ. 143ಕ್ಕೆ ಬಂದದ್ದು ಮತ್ತೆ ಇಳಿಯಲಿಲ್ಲ. ದಿಬ್ಬದ ತುದಿಯಿಂದ ಗಾಳಿ ಮರಳನ್ನು ತೆಳ್ಳಗೆ ಹಾರಿಸುತ್ತಿತ್ತು. ಅಲ್ಲಿಗೆ ಇನ್ನೂ ಇಪ್ಪತ್ತು ಮೀಟರ್ ಇರಬಹುದು. ದೇಜಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ, ಅಡ್ಡಡ್ಡವಾಗಿ ಕೆಳಗಿಳಿದ.

ಮಜೀದ್ ಪಿಕಪ್ಪಿನಿಂದ ಇಳಿದು ಬಂದ. ಮಂಡಿಯೂರಿ ಪಾದುಕೆಯ ಪಟ್ಟಿಗಳನ್ನು ತಾನೇ ಬಿಚ್ಚಿದ.

"ದೆಹಲಿ ಟಿಕೆಟ್ ಕ್ಯಾನ್ಸಲ್ ಮಾಡ್ಬೇಕು," ಎಂದ ದೇಜಪ್ಪ. "ನಾಳೆ ಟ್ರಾವೆಲ್ಸ್ ಎಷ್ಟು ಗಂಟೆಗೆ ತೆರೀತದೆ?"

"ಎಂಟಕ್ಕೆ."

"ಹಾಗಾದರೆ ಏಳೂವರೆಗೆ ಹೊರಡುವ."