“ಬಂತು ಕಣೇ, ಹಿಡ್ಕೋ!”

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಹಿಂಬದಿಯ ಇಸ್ತ್ರಿ ಕೋಣೆಯಲ್ಲಿ ಆಗಲೇ ಹಬೆ ತುಂಬಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ವೈದ್ಯರ ಬಿಳಿ ಕೋಟಿನ ತೋಳಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಾರೆ. ಇದ್ದಕ್ಕಿದ್ದಂತೆ ಅವರ ಮುಖ ಕೆಂಪಾಗುತ್ತದೆ, ಕತ್ತಿನಿಂದ ಬೆವರು ಇಳಿಯುತ್ತದೆ.

“ಬಂತು ಕಣೇ, ಹಿಡ್ಕೋ!”

ಪಕ್ಕದವಳು ಪೆಟ್ಟಿಗೆ ಹಿಡಿಯುತ್ತಾಳೆ. ಇವರು ಕಿಟಕಿಗೆ ಓಡಿ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಾರೆ. “ಹೊರಗೊಂದು ಬಾಯ್ಲರ್, ಒಳಗೊಂದು ಬಾಯ್ಲರ್! ಆಸ್ಪತ್ರೆಯೋರು ನನಗೂ ಒಂದು ಪೈಪ್ ಜೋಡಿಸಿದ್ರೆ ಬಿಸಿನೀರು ಸಿಗುತ್ತೆ,” ಎನ್ನುತ್ತಾರೆ. ಕೋಣೆಯೆಲ್ಲ ನಗು.

ಎಲ್ಲರ ಬಾಯಲ್ಲೂ ಇವರು ಇಸ್ತ್ರಿ ಅಕ್ಕ. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ ಇದು. ದಿನಕ್ಕೆ ನೂರಕ್ಕೂ ಹೆಚ್ಚು ಕೋಟು ಇವರ ಕೈ ದಾಟಿ ಹೋಗುತ್ತವೆ. ಕಳೆದ ವರ್ಷ ಮುಟ್ಟು ನಿಲ್ಲುವ ಕಾಲ ಬಂತು. ನಿದ್ದೆ ಹಾರಿತು, ಮೈ ಹೊತ್ತಿ ಉರಿಯಿತು. ಯಾರಿಗೂ ಹೇಳದೆ ಹಲ್ಲು ಕಚ್ಚಿ ದುಡಿದರು. ಈಚೆಗೆ ಒಮ್ಮೆ ತಡೆಯಲಾರದೆ ಪೆಟ್ಟಿಗೆಯನ್ನು ಕೋಟಿನ ಮೇಲೇ ಬಿಟ್ಟು ಕಿಟಕಿಗೆ ಓಡಿದರು. ಕೋಟಿನ ಬೆನ್ನಿನ ಭಾಗ ಸುಟ್ಟು ಕಂದುಬಣ್ಣಕ್ಕೆ ತಿರುಗಿತು. ಮರುವಾರ ಇನ್ನೊಂದು ಕೋಟು ಹೋಯಿತು.

“ವಯಸ್ಸಾಯ್ತಕ್ಕ, ಬಟ್ಟೆ ಮಡಚೋ ಮೇಜಿಗೆ ಹೋಗಿಬಿಡಿ,” ಎಂದ ಮೇಲ್ವಿಚಾರಕ.

“ಮಡಚೋದು ಯಾರು ಬೇಕಾದ್ರೂ ಮಾಡ್ತಾರೆ. ನನ್ನ ಕೆಲಸ ಇದು!” ಎನ್ನುತ್ತಾರೆ ಅಕ್ಕ, ಅವತ್ತಿನದನ್ನು ನೆನೆದು. “ಅದೆಲ್ಲಿತ್ತೋ ಧೈರ್ಯ, ‘ವಯಸ್ಸಲ್ಲಪ್ಪ, ಮುಟ್ಟು ನಿಲ್ತಿದೆ, ಮೈ ಕಾಯುತ್ತೆ. ಎರಡು ನಿಮಿಷ, ಆಮೇಲೆ ಸರಿಹೋಗ್ತೀನಿ’ ಅಂದುಬಿಟ್ಟೆ. ಗಂಡಸ್ರೆಲ್ಲ ಮೇಲೆ ಏನೋ ಬರೆದಿರೋ ಹಾಗೆ ಸೀಲಿಂಗ್ ನೋಡ್ತಾ ನಿಂತ್ರು. ಬಟ್ಟೆ ಒಗೆಯೋ ದೊಡ್ಡಮ್ಮ ‘ನನಗೂ ಹಿಂಗೇ ಆಗ್ತಿತ್ತು’ ಅಂದ್ರು. ಹರಿದದ್ದು ಹೊಲಿಯೋಳು ‘ನನಗೆ ಈಗ್ಲೂ’ ಅಂದ್ಲು. ಅಯ್ಯೋ, ಇಷ್ಟು ದಿನ ಒಬ್ಬೊಬ್ರೇ ಬೇಯ್ತಿದ್ವಲ್ಲ ಅನ್ನಿಸ್ತು!”

ಅವತ್ತೇ ಹೆಂಗಸರು ಸೇರಿ ದಾರಿ ಕಂಡುಕೊಂಡರು: ಮೈ ಕಾವೇರಿದವರು ಕೂಗಬೇಕು, ಪಕ್ಕದವರು ಪೆಟ್ಟಿಗೆ ಹಿಡಿಯಬೇಕು. “ಒಂದು ತಿಂಗಳು ನೋಡೋಣ. ಇನ್ನೊಂದು ಕೋಟು ಸುಟ್ಟರೆ ಮಡಚೋ ಮೇಜೇ,” ಎಂದ ಮೇಲ್ವಿಚಾರಕ.

ಆ ತಿಂಗಳು ಇವತ್ತಿಗೆ ಮುಗಿಯುತ್ತಿದೆ. ಒಂದೂ ಸುಟ್ಟಿಲ್ಲ. ಒಳಗೆ ಬಂದ ಮೇಲ್ವಿಚಾರಕ ಬಾಗಿಲ ಬಳಿಯೇ ತಲೆ ಕೆರೆದುಕೊಳ್ಳುತ್ತಾನೆ.

“ಅಕ್ಕ, ನಮ್ಮಮ್ಮ ಈಚೆಗೆ ಸುಮ್ಸುಮ್ನೆ ರೇಗ್ತಾರೆ. ಚಳೀಲೂ ಫ್ಯಾನ್ ಹಾಕ್ತಾರೆ. ಇದೇನಾ?”

“ಇದೇ ಮಗ. ಎದುರು ಮಾತಾಡ್ಬೇಡ. ಫ್ಯಾನ್ ಆರಿಸೋಕೆ ಹೋದ್ಯೋ, ನಿನಗೆ ಊಟ ಇಲ್ಲ!”

ಅವನೂ ನಗುತ್ತಾನೆ. “ನೀವು ಈ ಮೇಜಲ್ಲೇ ಇರಿ ಅಕ್ಕ,” ಎಂದು ಹೊರಡುತ್ತಾನೆ. ಅಕ್ಕ ಎರಡೂ ಅಂಗೈಯನ್ನು ಮೇಜಿನ ಮೇಲೆ ಒತ್ತಿ, ಮತ್ತೆ ಪೆಟ್ಟಿಗೆ ಕೈಗೆತ್ತಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಮುಂದಿನ ಕೋಟು ಹರಡುತ್ತಲೇ ಹೇಳುತ್ತಾರೆ:

“ಆಸೆ ಏನಮ್ಮ! ಯಾವ ಡಾಕ್ಟರಮ್ಮ ಎದುರಿಗೆ ಬಂದ್ರೂ ಮೊದಲು ಅವರ ಕಾಲರ್ ನೋಡ್ತೀನಿ. ಗರಿಗರಿಯಾಗಿ ನಿಂತಿದ್ರೆ ನನ್ನದೇ ಕೈ. ಅಷ್ಟು ಸಾಕು.”