ಟವಲಿನಡಿಯ ಕೈ

ಮೊನ್ನೆ ಆಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ದನದ ಹಿಂಡಿ ಮಾರುವ ಅಂಗಡಿಯ ಮುಂದೆ ನಿಂತಿದ್ದೆ. ಯಾರೋ ಹತ್ತಿಕಾಳಿನ ಹಿಂಡಿಯ ಚೀಲ ಬಿಚ್ಚಿದರು. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು. ತಾತನ ಟವಲಿಗೆ ಇದೇ ವಾಸನೆಯಿತ್ತು...

ಆದೋನಿಯಲ್ಲಿ ಡಿಗ್ರಿ ಓದುವಾಗ ನಾನು ಬಾಡಿಗೆಗಿದ್ದ ಕೋಣೆಯ ಮಾಲೀಕರು ಅವರು. ನಾವೆಲ್ಲ ತಾತ ಎನ್ನುತ್ತಿದ್ದೆವು. ಒಂದು ಕಾಲಕ್ಕೆ ಹತ್ತಿ ಮಾರುಕಟ್ಟೆಯ ಹೆಸರುವಾಸಿ ದಲಾಲಿ. ಹಳೆಯ ದಲಾಲಿಗಳು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನ ಕೈ ಹಿಡಿದು, ಮೇಲೆ ಟವಲು ಹೊದಿಸಿ, ಅದರಡಿ ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಿದ್ದರು. ಎಷ್ಟಕ್ಕೆ ಕುದುರಿತೆಂದು ಪಕ್ಕದವನಿಗೂ ತಿಳಿಯುತ್ತಿರಲಿಲ್ಲ. ಆದರೆ ತಾತನ ಬಲಗೈ ಒಮ್ಮೆ ಜಿನ್ನಿಂಗ್ ಮಿಲ್ಲಿನ ಯಂತ್ರಕ್ಕೆ ಸಿಕ್ಕಿ, ಹೆಬ್ಬೆರಳು ಕಿರುಬೆರಳು ಬಿಟ್ಟು ಉಳಿದವು ಹೋಗಿದ್ದವು. ಬೆರಳಿಲ್ಲದ್ದಕ್ಕೇ ದಲಾಲಿ ಬಿಟ್ಟರೆಂದು ನಾನು ತಿಳಿದಿದ್ದೆ.

ಕೊನೆಯ ವರ್ಷ ನನ್ನ ಅಪೆಂಡಿಕ್ಸ್ ಒಡೆಯಿತು. ಆಟೋ ಹಿಡಿದು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದವರು ತಾತನೇ. ಜೀವ ಉಳಿಯಿತು. ಊರಿಗೆ ಬಂದವಳು ನೀರಿಗೆ ಬಾರಳೇ, ಹಿಂದೆಯೇ ಬಿಲ್ಲೂ ಬಂತು. ನನಗೆ ವಿಮೆ ಇರಲಿಲ್ಲ. ಸರ್ಕಾರದ ಉಚಿತ ಚಿಕಿತ್ಸೆಗೆ ರೇಷನ್ ಕಾರ್ಡಿನಲ್ಲಿ ಹೆಸರಿರಬೇಕು, ನನ್ನದು ಯಾವುದರಲ್ಲೂ ಇರಲಿಲ್ಲ. ಚಿಕ್ಕಂದಿನಲ್ಲಿ ಮದ್ದಿಕೇರದ ಸೋದರಮಾವನ ಮನೆಯಲ್ಲಿ ಬೆಳೆದವಳು ನಾನು. ಅವರ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಿದ್ದರು, ನಮ್ಮಪ್ಪನ ಕಾರ್ಡಿಗೆ ಸೇರಿಸುವುದನ್ನು ಎಲ್ಲರೂ ಮರೆತಿದ್ದರು.

ಅಪ್ಪ ಆಲೂರಿನಲ್ಲಿ ದರ್ಜಿ. ಕೈಸಾಲ ಮಾಡಿ ತಂದದ್ದು ಸಾಲಲಿಲ್ಲ. ನನ್ನ ಕಾಲೇಜು ಫೀಸಿಗೆಂದು ತೆಗೆದಿಟ್ಟದ್ದನ್ನೂ ಜೇಬಿನಿಂದ ಹೊರತೆಗೆದರು.

“ಫೀಸಿನ ರೊಕ್ಕಾನೂ ಇಲ್ಲೇ ಕಟ್ಟಬೇಕವ್ವಾ. ಓದಿದ್ದು ಸಾಕು ಅನ್ಕೋ. ಮನಿಗಿ ಬಂದು ಗುಂಡಿ ಕಾಜಾ ಹೊಲಿ.”

ಹೊಲಿಗೆ ಹಾಕಿದ ಹೊಟ್ಟೆಗಿಂತ ಆ ಮಾತೇ ಹೆಚ್ಚು ನೋಯಿಸಿತು. ಪಕ್ಕದಲ್ಲಿದ್ದ ತಾತ ಎದ್ದು ಬಿಲ್ಲಿನ ಕೌಂಟರಿಗೆ ನಡೆದರು. ಅಪ್ಪ ನನ್ನ ಗಾಲಿಕುರ್ಚಿ ತಳ್ಳಿಕೊಂಡು ಹಿಂದೆ ಬಂದರು.

ಕೌಂಟರಿನಲ್ಲಿದ್ದ ಮ್ಯಾನೇಜರ್ ಹಿಂದೆ, ತಾತ ದಲಾಲಿ ಬಿಟ್ಟ ಮೇಲೆ, ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ತಾತನನ್ನು ಬಲ್ಲವನು. ಬಿಲ್ಲು ಸ್ವಲ್ಪ ನೋಡಿ ಮಾಡಪ್ಪಾ ಎಂದು ತಾತ ಕೇಳಿದರೆ ದನಿ ತಗ್ಗಿಸಿದ.

“ಬಾಯಿ ಬಿಟ್ಟು ಕಡಿಮಿ ಮಾಡಿದ್ರ ಹಿಂದ ನಿಂತೋರೆಲ್ಲ ಕೇಳ್ತಾರ ತಾತಾ. ಡಾಕ್ಟರ್ ಸಾರು ನನ್ನ ಬಿಡಂಗಿಲ್ಲ.”

“ಬಾಯಿ ಯಾಕ ಬೇಕು? ಕೈ ಚಾಚು.”

ಅವನು ನಕ್ಕ. “ನಿಮ್ಮ ಕೈಯಾಗ ಬೆರಳೆಲ್ಲಿ ಅದಾವ ತಾತಾ?”

ತಮಾಷೆಗೆಂಬಂತೆ ಕೈ ಚಾಚಿಯೂ ಚಾಚಿದ. ತಾತ ಹೆಗಲ ಮೇಲಿನ ಟವಲನ್ನು ಇಬ್ಬರ ಬಲಗೈಗಳ ಮೇಲೆ ಹೊದಿಸಿದರು. ಸ್ವಲ್ಪ ಹೊತ್ತಿಗೆ ಮ್ಯಾನೇಜರನ ನಗು ಮುಖದ ಮೇಲೇ ಒಣಗಿತು. ಅವನು ಕಣ್ಣಲ್ಲೇ ತಾತನ ಎಡಗೈ ಹುಡುಕಿದ. ಅದು ಕೌಂಟರಿನ ಮೇಲೆ, ಎಲ್ಲರಿಗೂ ಕಾಣುವಂತೆಯೇ ಇತ್ತು. ಟವಲು ಮಾತ್ರ ಚೀಲದೊಳಗಿನ ಬೆಕ್ಕಿನ ಮರಿಯಂತೆ ಮಿಸುಕಾಡುತ್ತಿತ್ತು. ಅದರ ಮೇಲೆ ತಾತನ ಕೈಯ ಕಡೆ ಬೆರಳ ಗೆಣ್ಣುಗಳು ಒಂದರ ಪಕ್ಕ ಒಂದು ಏಳುತ್ತಿದ್ದದ್ದನ್ನು ನಾನೂ ಕಂಡೆ. ಹಗಲು ಹೊತ್ತು, ಅಷ್ಟು ಜನ, ಆದರೂ ಅಪ್ಪನ ಅಂಗಿ ಹಿಡಿದುಕೊಂಡೆ.

“ಸರೇ ತಾತಾ, ಆತು. ಬಿಡ್ರಿ,” ಎಂದ ಮ್ಯಾನೇಜರ್.

ತಾತ ಕಣ್ಣು ಮುಚ್ಚಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

“ಬಿಡ್ರಿ ಅಂದೆ.”

“ನಾ ಹಿಡದಿಲ್ಲಪ್ಪಾ.”

ಆಮೇಲೆ ಟವಲು ತಾನಾಗಿಯೇ ಚಪ್ಪಟೆಯಾಯಿತು. ಮ್ಯಾನೇಜರ್ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದಲೇ ಬಿಲ್ಲಿನಲ್ಲಿದ್ದ ಆಸ್ಪತ್ರೆ ಕೋಣೆಯ ಬಾಡಿಗೆ, ಇತರೆ ಖರ್ಚು ಎಲ್ಲ ಹೊಡೆದು ಹಾಕಿದ. ಔಷಧಿ ಮತ್ತು ಆಪರೇಷನ್ನಿನ ಖರ್ಚು ಮಾತ್ರ ಉಳಿಯಿತು. ಅಪ್ಪ ಕಟ್ಟಿ ಬಂದ ಮೇಲೆ ತಾತ ಕೇಳಿದ್ದು ಒಂದೇ ಮಾತು: “ಫೀಸು ಉಳೀತೇನು?”

ಉಳಿದಿತ್ತು.

ಬಾಡಿಗೆ ಕೋಣೆಗೆ ಮರಳಿ ನಡೆದಾಡುವಷ್ಟಾದ ಮೇಲೆ, ಕಟ್ಟೆಯ ಮೇಲೆ ಕೂತಿದ್ದ ತಾತನನ್ನು ಟವಲಿನಡಿ ಎದ್ದ ಬೆರಳುಗಳ ಬಗ್ಗೆ ತಡೆಯಲಾರದೆ ಕೇಳಿದೆ. ಅವರು ಬೀದಿಯ ಕಡೆ ನೋಡುತ್ತ ಹೇಳಿದರು.

“ಕೈಮ್ಯಾಲ ಅರಿವಿ ಹೊದಿಸಿದ್ರ ಹೋದ ಬೆರಳು ಬರ್ತಾವವ್ವಾ. ಅದಕ್ಕ ಮಾರ್ಕೆಟ್ಟಿನಾಗ ಯಾರೂ ನನಗ ಕೈ ಚಾಚದಂಗಾದ್ರು. ಇನ್ನ ಈ ಕೈಗೆ ಅರಿವಿ ಹಾಕಂಗಿಲ್ಲ ಅಂತ ಶಿವನ ಮುಂದ ಅಂದಿದ್ದೆ.”

“ನಿಮಗ ಹೆದರಿಕಿ ಆಗಲ್ಲೇನು ತಾತಾ?”

“ಆಗ್ತೈತಿ. ಆದ್ರ ನಿನ್ನ ಓದು ಹೋಗ್ತಿತ್ತಲ್ಲ.”

ನಾನು ಟವಲಿನ ಅಂಚು ಮುಟ್ಟಲು ಹೋದೆ. ಗದರಿ ಕೈ ಸರಿಸಿದರು. ಗದರಿದ್ದು ಅದೊಂದೇ ಸಲ...

ನಾನು ಪಾಸಾದೆ. ಫಲಿತಾಂಶ ಹೇಳಲು ಹೋದಾಗ ತಾತ ಇರಲಿಲ್ಲ, ಮಣ್ಣಾಗಿ ವಾರವಾಗಿತ್ತು. ಮನೆಯವರನ್ನು ಮಾತಾಡಿಸಲು ಆ ಮ್ಯಾನೇಜರನೂ ಬಂದಿದ್ದ. ತಾತ ಅವತ್ತು ಎಷ್ಟಕ್ಕೆ ಕೇಳಿದ್ದರೆಂದು ಅವನನ್ನು ವಿಚಾರಿಸಿದೆ. ಅವನು ತನ್ನ ಅಂಗೈ ಉಜ್ಜಿಕೊಂಡ.

“ದರಾ ಏನೂ ಹೇಳಲಿಲ್ಲವ್ವಾ ಆ ಬೆರಳು. ಜ್ವರ ಬಂದ ಕೂಸು ತಾಯಿ ಕೈ ಹಿಡ್ಕೊಂಡಂಗ ಸುಮ್ಮನ ಹಿಡ್ಕೊಂಡಿದ್ವು. ಬಿಡಲೇ ಇಲ್ಲ.”

ಅಂದು ತಾತನ ಸೊಸೆಯನ್ನು ಕೇಳಿ ಆ ಟವಲನ್ನು ತಂದುಕೊಂಡೆ. ಈಗ ಆಲೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಯಾವುದಕ್ಕಾದರೂ ದಿಕ್ಕು ತೋಚದಿದ್ದಾಗ ಬಾಗಿಲು ಹಾಕಿಕೊಂಡು, ಟವಲಿನಡಿ ಕೈ ಇಟ್ಟು ಕೂರುತ್ತೇನೆ. ಏನಾದರೂ ತಾಗಿದರೆ ಕಿರುಚಿಬಿಡುತ್ತೇನೆಂದು ಗೊತ್ತು. ಆದರೂ ಕಾಯುತ್ತೇನೆ.

ಏನೂ ತಾಗುವುದಿಲ್ಲ.